ಹ್ಯಾಲೋವೀನ್‌ಗೋ, ಕ್ರಿಸ್‌ಮಸ್‌ಗೋ: ಕುಣಿಯುವ ಅಸ್ಥಿಪಂಜರ ಯಾವ ಹಬ್ಬದವನು?

ಪ್ರಶ್ನೆ: ನಾವು ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದೇವೆ. ನಮ್ಮ ಏಳು ವರ್ಷದ ಮಗಳು 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಎಂಬ ಬೊಂಬೆಗಳ ಚಿತ್ರವನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಒಬ್ಬ ಗೆಳತಿಯ ಮನೆಯಲ್ಲಿ ಅದನ್ನು ದೆವ್ವಭೂತಗಳ ವೇಷದ ಹಬ್ಬವಾದ ಹ್ಯಾಲೋವೀನ್ ರಾತ್ರಿ ನೋಡುತ್ತಾರಂತೆ, ಇನ್ನೊಬ್ಬಳ ಮನೆಯಲ್ಲಿ ಕ್ರಿಸ್‌ಮಸ್ ರಜೆಯಲ್ಲಿ. ಊರಿನಿಂದ ಬಂದಿರುವ ನಮ್ಮ ಅತ್ತೆಯವರು, ಹಬ್ಬದ ದಿನ ಎಲುಬಿನ ಗೂಡು ಕುಣಿಯುವುದನ್ನು ಮಗುವಿಗೆ ತೋರಿಸುವುದು ಏನು ಚೆಂದ ಎಂದು ಕೇಳುತ್ತಿದ್ದಾರೆ. ಇದು ನಿಜವಾಗಿ ಯಾವ ಹಬ್ಬದ ಚಿತ್ರ? ಎರಡಕ್ಕೂ ಸಲ್ಲುವುದು ಹೇಗೆ? ಮಗುವಿಗೆ ತೋರಿಸಬಹುದೇ?

ಉತ್ತರ: ನಿಮ್ಮ ಮನೆಯಲ್ಲಿ ಎದ್ದಿರುವ ಮೊದಲ ಪ್ರಶ್ನೆ ಈ ಚಿತ್ರವನ್ನು ಮಾಡಿದವರ ನಡುವೆಯೇ ಇನ್ನೂ ಇತ್ಯರ್ಥವಾಗಿಲ್ಲ. ನಿರ್ದೇಶಕ ಹೆನ್ರಿ ಸೆಲಿಕ್ ಅವರನ್ನು 2015ರಲ್ಲಿ ಕೊಲರಾಡೊದ ಟೆಲ್ಯುರೈಡ್‌ನಲ್ಲಿ ನಡೆದ ಭಯಾನಕ ಚಿತ್ರಗಳ ಉತ್ಸವವೊಂದರಲ್ಲಿ ಇದೇ ಮಾತು ಕೇಳಿದಾಗ, ಇದು ಹ್ಯಾಲೋವೀನ್ ಚಿತ್ರ ಎಂದು ಅವರು ಹೇಳಿದರು. ಹಾಡುಗಳನ್ನು ಬರೆದು, ಸಂಗೀತ ಕೂಡಿಸಿ, ನಾಯಕನ ಹಾಡುಗಳನ್ನು ತಾವೇ ಹಾಡಿದ ಡ್ಯಾನಿ ಎಲ್ಫ್‌ಮನ್ ಅವರಿಗೆ ಮಾತ್ರ, ನಾಯಕ ಹ್ಯಾಲೋವೀನ್ ಊರಿನವನಾದರೂ ಕಥೆ ಕ್ರಿಸ್‌ಮಸ್ಸಿನ ಕುರಿತಾದ್ದರಿಂದ, ಇದು ಕ್ರಿಸ್‌ಮಸ್ ಚಿತ್ರ. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಒಂದು ಹಬ್ಬದಲ್ಲಿ ಹುಟ್ಟಿ ಬೆಳೆದವನು ಇನ್ನೊಬ್ಬರ ಹಬ್ಬವನ್ನು ಹೊರಗೆ ನಿಂತು ನೋಡಿ ಮರುಳಾಗುವ ಕಥೆ ಇದು. ನೋಡುವ ಕಣ್ಣು ಹ್ಯಾಲೋವೀನಿನದು, ಕಣ್ಣಿಗೆ ಬಿದ್ದದ್ದು ಕ್ರಿಸ್‌ಮಸ್. ಎರಡರಲ್ಲಿ ಯಾವುದನ್ನು ತೆಗೆದರೂ ಕಥೆ ನಿಲ್ಲುವುದಿಲ್ಲ. ಎರಡೂ ಹಬ್ಬದವರು ಇದನ್ನು ತಮ್ಮದೆನ್ನುವುದು ಆ ಕಾರಣಕ್ಕೇ ಹೊರತು ಜಾಹೀರಾತಿನ ಜಾಣತನಕ್ಕಲ್ಲ. ಜಾಹೀರಾತಿನ ಪಾಲೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ಈ ಕಥೆಯ ಬೀಜ ಅಂಗಡಿಯ ಗಾಜಿನ ಹಿಂದೆ ಇತ್ತು. ಕಥೆಯನ್ನು ಕಲ್ಪಿಸಿದ ಟಿಮ್ ಬರ್ಟನ್ ಬೆಳೆದದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ. ವರ್ಷದ ಹೆಚ್ಚಿನ ಕಾಲ ಬಿಸಿಲೇ ಇರುವ ಆ ಊರಿನಲ್ಲಿ ಋತು ಬದಲಾಯಿತೆಂದು ತಿಳಿಯುತ್ತಿದ್ದದ್ದು ಗಿಡಮರಗಳಿಂದಲ್ಲ, ಅಂಗಡಿಗಳ ಅಲಂಕಾರದಿಂದ. ಹ್ಯಾಲೋವೀನಿನ ಮಾಟಗಾತಿಯರನ್ನೂ ಕುಂಬಳಕಾಯಿಗಳನ್ನೂ ಇಳಿಸಿ, ಅದೇ ಜಾಗಕ್ಕೆ ಸಾಂಟಾ ಕ್ಲಾಸನ್ನೂ ಹಿಮಸಾರಂಗಗಳನ್ನೂ ಏರಿಸುತ್ತಿದ್ದ ಅಂಗಡಿಯೊಂದನ್ನು ಕಂಡು ತಮಗೆ ಈ ಕಲ್ಪನೆ ಬಂದಿತೆಂದು ಬರ್ಟನ್ ಹೇಳಿದ್ದಾರೆ. ನವೆಂಬರ್ 1ರ ಬೆಳಿಗ್ಗೆ ನಿಮ್ಮ ಬಡಾವಣೆಯ ಅಂಗಡಿಗೆ ಹೋದರೆ ನೀವೂ ಆ ದೃಶ್ಯವನ್ನು ನೋಡಬಹುದು: ಒಂದು ಬದಿಯ ಕಪಾಟಿನಲ್ಲಿ ಅರ್ಧ ಬೆಲೆಗೆ ಇಳಿದ ಅಸ್ಥಿಪಂಜರಗಳು, ಎದುರು ಬದಿಯಲ್ಲಿ ಆಗಲೇ ಪೆಟ್ಟಿಗೆ ಬಿಚ್ಚಿದ ಕ್ರಿಸ್‌ಮಸ್ ದೀಪದ ಸರಗಳು. ಬರ್ಟನ್ 1982ರಲ್ಲಿ, ಡಿಸ್ನಿ ಸಂಸ್ಥೆಯಲ್ಲಿ ಚಿತ್ರಗಾರರಾಗಿ ಕೆಲಸ ಮಾಡುತ್ತಿದ್ದಾಗ, ಇದನ್ನು ಒಂದು ಪ್ರಾಸಬದ್ಧ ಪದ್ಯವಾಗಿ ಬರೆದರು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಬಗ್ಗೆ 1823ರಲ್ಲಿ ಅಚ್ಚಾಗಿ ಇಂದಿಗೂ ಅಮೆರಿಕದ ಮಕ್ಕಳ ಬಾಯಲ್ಲಿರುವ ಪದ್ಯದ ಧಾಟಿಯನ್ನೇ ಅದು ಹಿಡಿದಿದೆ. ಆ ಪದ್ಯದಲ್ಲಿ ಇದ್ದವರು ಮೂವರೇ: ಜ್ಯಾಕ್ ಸ್ಕೆಲಿಂಗ್ಟನ್ ಎಂಬ ಅಸ್ಥಿಪಂಜರ, ಅವನ ದೆವ್ವದ ನಾಯಿ ಜೀರೋ ಮತ್ತು ಸಾಂಟಾ. ಉಳಿದವರೆಲ್ಲ ಚಿತ್ರಕಥೆಗಾರ್ತಿ ಕ್ಯಾರೊಲೈನ್ ಥಾಂಪ್ಸನ್, ಎಲ್ಫ್‌ಮನ್, ಸೆಲಿಕ್ ಮತ್ತು ಅವರ ಕಲಾವಿದರ ಕೈಯಲ್ಲಿ ಬೆಳೆದು ಬಂದವರು.

ಇಲ್ಲಿ ಒಂದು ತಿದ್ದುಪಡಿ ಅಗತ್ಯ, ಏಕೆಂದರೆ ಈ ತಪ್ಪನ್ನು ಚಿತ್ರ ಕಲಿಸುವವರೂ ಮಾಡುತ್ತಾರೆ. ಶೀರ್ಷಿಕೆಯ ಮುಂದೆ ಬರ್ಟನ್ ಅವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿರುವುದರಿಂದ ಬಹಳ ಜನ ಅವರೇ ನಿರ್ದೇಶಕರೆಂದು ತಿಳಿದಿದ್ದಾರೆ. ಕಥೆ, ಪಾತ್ರಗಳ ರೂಪ ಮತ್ತು ನಿರ್ಮಾಣದ ಹೊಣೆ ಅವರದು. ಆದರೆ ಚಿತ್ರೀಕರಣ ಆರಂಭವಾದ 1991ರ ಹೊತ್ತಿಗೆ ಅವರು ಬೇರೊಂದು ದೊಡ್ಡ ಚಿತ್ರದ ನಿರ್ದೇಶನದಲ್ಲಿ ಮುಳುಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೋದಲ್ಲಿ ನೂರಕ್ಕೂ ಹೆಚ್ಚು ಜನರೊಂದಿಗೆ ವರ್ಷಗಟ್ಟಲೆ ದಿನದಿನವೂ ನಿಂತು ಬೊಂಬೆಗಳಿಗೆ ಜೀವ ತುಂಬಿಸಿದವರು ಸೆಲಿಕ್.

ಈಗ ಕಥೆಯ ದಿನದರ್ಶಿಯನ್ನು ನೋಡೋಣ. ಚಿತ್ರ ಹ್ಯಾಲೋವೀನ್ ರಾತ್ರಿಯಲ್ಲಿ ಆರಂಭವಾಗಿ ಕ್ರಿಸ್‌ಮಸ್ ಬೆಳಗಾಗುವ ಹೊತ್ತಿಗೆ ಮುಗಿಯುತ್ತದೆ. ಅಕ್ಟೋಬರ್ 31ರಿಂದ ಡಿಸೆಂಬರ್ 25ಕ್ಕೆ 55 ದಿನ. ಆ 55 ದಿನಗಳೇ ಈ ಚಿತ್ರದ ಕಾಲ. ಕುಂಬಳಕಾಯಿಯ ತಲೆ ಹೊತ್ತ ಬೆದರುಬೊಂಬೆಯೊಂದು ತನಗೆ ತಾನೇ ಬೆಂಕಿ ಹಚ್ಚಿಕೊಂಡು, ಕುಣಿದು, ಊರ ನಡುವಿನ ಕಾರಂಜಿಗೆ ಹಾರಿ, ಹಸಿರು ನೀರಿನಿಂದ ಕಪ್ಪು ಕೋಟಿನ ತೆಳ್ಳನೆಯ ಜ್ಯಾಕ್ ಆಗಿ ಮೇಲೇಳುತ್ತದೆ. ಊರೆಲ್ಲ ಅವನನ್ನು ಹೊಗಳುತ್ತದೆ. ಆದರೆ ವರ್ಷವರ್ಷವೂ ಅದೇ ಕಿರುಚಾಟ, ಅದೇ ಚಪ್ಪಾಳೆ ಎಂದು ಅವನಿಗೆ ಬೇಸರ ಬಂದಿದೆ. ಮರುದಿನ ಬೆಳಿಗ್ಗೆ ಊರಿನ ಮೇಯರ್ ಮುಂದಿನ ಹ್ಯಾಲೋವೀನಿನ ನಕ್ಷೆಗಳನ್ನು ಹಿಡಿದು ಬಾಗಿಲು ತಟ್ಟುವಾಗ ಜ್ಯಾಕ್ ಮನೆಯಲ್ಲೇ ಇಲ್ಲ. (ಈ ಮೇಯರನ ತಲೆಗೆ ಎರಡು ಮುಖಗಳು, ಒಂದು ನಗುವುದು, ಒಂದು ಅಳುವುದು, ಸಂದರ್ಭ ನೋಡಿ ತಲೆ ಗಿರಕ್ಕನೆ ತಿರುಗುತ್ತದೆ. ಚುನಾಯಿತನಾದ ತಾನು ಒಬ್ಬನೇ ತೀರ್ಮಾನ ತೆಗೆದುಕೊಳ್ಳಲಾರೆ ಎಂದು ಅವನು ಗೋಳಾಡುವುದನ್ನು ಮಕ್ಕಳಿಗಿಂತ ಹಿರಿಯರು ಹೆಚ್ಚು ಸವಿಯುತ್ತಾರೆ.) ಕಾಡಿನಲ್ಲಿ ಅಲೆದ ಜ್ಯಾಕ್ ಒಂದು ವೃತ್ತದಲ್ಲಿ ನಿಂತ ಮರಗಳನ್ನು ಕಾಣುತ್ತಾನೆ. ಒಂದೊಂದು ಮರದ ಕಾಂಡದಲ್ಲೂ ಒಂದೊಂದು ಹಬ್ಬದ ಆಕಾರದ ಬಾಗಿಲು: ಈಸ್ಟರಿನ ಮೊಟ್ಟೆ, ಥ್ಯಾಂಕ್ಸ್‌ಗಿವಿಂಗಿನ ಟರ್ಕಿ ಕೋಳಿ, ಪ್ರೇಮಿಗಳ ದಿನದ ಹೃದಯ. ಅವನು ತಿರುಗಿಸುವುದು ಕ್ರಿಸ್‌ಮಸ್ ಮರದ ಹಿಡಿಕೆಯನ್ನು.

ನಿಮ್ಮ ಪ್ರಶ್ನೆಗೆ ಕಣ್ಣಾರೆ ಉತ್ತರ ಸಿಗುವುದು ಆ ಬಾಗಿಲಿನ ಈಚೆಗೂ ಆಚೆಗೂ ಇರುವ ವ್ಯತ್ಯಾಸದಲ್ಲಿ. ಹ್ಯಾಲೋವೀನ್ ಊರಿನಲ್ಲಿ ಕಪ್ಪು, ಬೂದು, ಬಿಳಿ, ಕಿತ್ತಳೆ ಮತ್ತು ಒಂದಿಷ್ಟು ಕೊಳೆತ ಹಸಿರು ಬಿಟ್ಟರೆ ಬಣ್ಣವಿಲ್ಲ, ಮನೆಗಳೆಲ್ಲ ಸೊಟ್ಟ. ಮಸಿಯ ಲೇಖನಿಯಲ್ಲಿ ಗೀರಿ ಬರೆದ ಚಿತ್ರದಂತೆ ಕಾಣಲೆಂದು ಕಲಾವಿದರು ಗೋಡೆ, ಬೇಲಿ, ಗೋರಿಕಲ್ಲುಗಳಿಗೆ ಜೇಡಿಯನ್ನೋ ಗಾರೆಯನ್ನೋ ಮೆತ್ತಿ ಅದರ ಮೇಲೆ ಗೀರುಗಳನ್ನು ಕೆತ್ತಿದರು. ಬಾಗಿಲಾಚೆಯ ಕ್ರಿಸ್‌ಮಸ್ ಊರಿನಲ್ಲಿ ಒಂದೂ ಗೀರಿಲ್ಲ. ಎಲ್ಲವೂ ದುಂಡಗೆ, ನುಣುಪಾಗಿ, ಹಿಮದ ಮೇಲೆ ಚೆಲ್ಲಿದ ಮಿಠಾಯಿಯಂತಿದೆ. ಮನುಷ್ಯರ ಲೋಕವೂ ಚಿತ್ರದಲ್ಲಿ ಬರುತ್ತದೆ. ಅದು ಪೆಟ್ಟಿಗೆ ಜೋಡಿಸಿಟ್ಟಂತೆ ನೇರ ಗೆರೆಗಳದು, ಮೂರರಲ್ಲಿ ಅತ್ಯಂತ ನೀರಸವಾದದ್ದೂ ಅದೇ. ಜ್ಯಾಕ್ ಆ ಹಿಮದಲ್ಲಿ ಉರುಳಿ, ಕಂಡದ್ದೆಲ್ಲವನ್ನೂ ಇದೇನು ಇದೇನು ಎಂದು ಕೇಳುತ್ತಾ ಹಾಡುವ ಹಾಡು ಓಡೋಡಿ ಉಸಿರುಗಟ್ಟಿದವನ ಲಯದಲ್ಲಿದೆ. ಕ್ರಿಸ್‌ಮಸ್ಸನ್ನು ಹುಟ್ಟಿದಂದಿನಿಂದ ಆಚರಿಸಿದವರು ಕ್ರಿಸ್‌ಮಸ್ಸಿನ ಬಗ್ಗೆ ಇಷ್ಟು ಬೆರಗಿನಿಂದ ಹಾಡಲಾರರು. ಪರ ಊರಿನಲ್ಲಿ ಮೊದಲ ಡಿಸೆಂಬರ್ ಕಳೆದ ಕನ್ನಡದವರಿಗೆ ಆ ಬೆರಗು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಮುಂದಿನ ದೃಶ್ಯವನ್ನು ನಿಮ್ಮ ಅತ್ತೆಯವರಿಗೆ ತಪ್ಪದೆ ತೋರಿಸಿ. ಜ್ಯಾಕ್ ಊರ ಸಭೆ ಕರೆದು ಕ್ರಿಸ್‌ಮಸ್ ಎಂದರೇನೆಂದು ವಿವರಿಸಲು ಹೊರಡುತ್ತಾನೆ. ಒಂದು ದೊಡ್ಡ ಕಾಲುಚೀಲವನ್ನು ಎತ್ತಿ ಹಿಡಿದು, ಇದನ್ನು ಗೋಡೆಗೆ ತೂಗುಹಾಕುತ್ತಾರೆ ಎಂದರೆ, ಜನರ ಮೊದಲ ಪ್ರಶ್ನೆ: ಅದರೊಳಗೆ ಕಾಲು ಇನ್ನೂ ಇದೆಯೇ? ಇದ್ದರೆ ಕೊಳೆತಿದೆಯೇ? ಕಾಲಿಲ್ಲ, ಮಿಠಾಯಿ ಇದೆ ಎಂದರೆ ಅವರಿಗೆ ನಿರಾಸೆ. ಉಡುಗೊರೆಯ ಪೆಟ್ಟಿಗೆಯನ್ನು ತೋರಿಸಿದರೆ ಒಳಗೆ ಏನಾದರೂ ಹೊಂಚು ಹಾಕಿದೆಯೇ ಎಂಬ ಆಸೆ. ಎಷ್ಟು ಹೇಳಿದರೂ ತಲೆಗೆ ಹತ್ತದಿದ್ದಾಗ ಜ್ಯಾಕ್ ಸೋತು, ಜನಕ್ಕೆ ಬೇಕಾದ್ದನ್ನೇ ಕೊಡೋಣವೆಂದು, ಸಾಂಟಾನನ್ನು ಕೆಂಪಗೆ ಭಾರೀ ಗಾತ್ರದ, ರಾತ್ರಿಯಲ್ಲಿ ಹಾರಿ ಬರುವ ಭಯಂಕರ ರಾಜನೆಂದು ವರ್ಣಿಸುತ್ತಾನೆ. ಹೆಸರನ್ನು ಕೂಡ 'ಸ್ಯಾಂಡಿ ಕ್ಲಾಸ್' ಎಂದು, ಉಗುರಿನವನು ಎಂಬ ಅರ್ಥ ಹೊಮ್ಮುವಂತೆ ತಪ್ಪಾಗಿ ಹೇಳುತ್ತಾನೆ. ಸಭೆ ಜೈ ಎನ್ನುತ್ತದೆ. ಮನೆಮನೆಗೆ ಹೋಗಿ ಮಕ್ಕಳು ಮಿಠಾಯಿ ಬೇಡುವ ಹ್ಯಾಲೋವೀನನ್ನು ಊರಿನ ಅಜ್ಜಿಗೆ ಫೋನಿನಲ್ಲಿ ವಿವರಿಸಿ, ಮೊಮ್ಮಗು ಭಿಕ್ಷೆ ಎತ್ತುತ್ತಿದೆಯೇ ಎಂದು ಕೇಳಿಸಿಕೊಂಡ ಪರಿಚಿತರೊಬ್ಬರು ನನಗಿದ್ದಾರೆ. ಈ ಸಭೆಯನ್ನು ನೋಡಿದಾಗಲೆಲ್ಲ ಆ ಫೋನಿನ ನೆನಪಾಗುತ್ತದೆ.

ಜ್ಯಾಕ್‌ನ ತಪ್ಪು ಇರುವುದು ಇಲ್ಲೇ. ಅವನಲ್ಲಿ ದುರುದ್ದೇಶ ಒಂದಿಷ್ಟೂ ಇಲ್ಲ. ಕ್ರಿಸ್‌ಮಸ್ಸಿನ ಗುಟ್ಟು ತಿಳಿಯಲೆಂದು ಗಾಜಿನ ಗೋಲಿಗಳನ್ನು ಪುಡಿಮಾಡುತ್ತಾನೆ, ಆಟಿಕೆಯ ಕರಡಿಯನ್ನು ಕೊಯ್ದು ನೋಡುತ್ತಾನೆ, ಕರಿಹಲಗೆಯ ಮೇಲೆ ಸೂತ್ರ ಬರೆಯುತ್ತಾನೆ. ಯಾವುದೂ ಫಲಿಸದಿದ್ದರೂ ತನಗೆ ಅರ್ಥವಾಯಿತೆಂದು ತೀರ್ಮಾನಿಸಿ, ಈ ವರ್ಷದ ಕ್ರಿಸ್‌ಮಸ್ ನಮ್ಮದು ಎಂದು ಸಾರಿಬಿಡುತ್ತಾನೆ. ಸಾಂಟಾನನ್ನು ಹಿಡಿದು ತರಲು ಹೋದ ಮೂವರು ತುಂಟ ಮಕ್ಕಳು ಮೊದಲು ತಪ್ಪು ಬಾಗಿಲು ತೆಗೆದು ಈಸ್ಟರಿನ ಮೊಲವನ್ನು ಎಳೆದು ತರುತ್ತಾರೆ. ಕೊನೆಗೆ ಜ್ಯಾಕ್ ಎಲುಬಿನ ಹಿಮಸಾರಂಗಗಳ ಬಂಡಿಯೇರಿ ಮನೆಮನೆಗೆ ಉಡುಗೊರೆ ಹಂಚುತ್ತಾನೆ. ಒಬ್ಬ ಹುಡುಗನ ಪೆಟ್ಟಿಗೆಯಲ್ಲಿ ಸುಕ್ಕುಗಟ್ಟಿದ ತಲೆ, ಇನ್ನೊಂದು ಮನೆಯಲ್ಲಿ ಕ್ರಿಸ್‌ಮಸ್ ಮರವನ್ನೇ ನುಂಗುವ ಹಾವು. ಸೇನೆ ಫಿರಂಗಿ ಹಾರಿಸಿ ಬಂಡಿಯನ್ನು ಉರುಳಿಸುತ್ತದೆ. ಸ್ಮಶಾನದಲ್ಲಿ ಕಲ್ಲಿನ ದೇವದೂತೆಯ ತೋಳುಗಳ ಮೇಲೆ ಬಿದ್ದ ಜ್ಯಾಕ್ ಅಲ್ಲಿ ಹಾಡುವ ಹಾಡಿನಲ್ಲಿ, ತಾನು ಮೂಲತಃ ಕುಂಬಳಕಾಯಿ ರಾಜ ಎಂಬುದು ಅವನಿಗೆ ಮತ್ತೆ ನೆನಪಾಗುತ್ತದೆ, ಬೇಸರವೂ ಹೋಗುತ್ತದೆ. ಹ್ಯಾಲೋವೀನ್ ಕೀಳು, ಕ್ರಿಸ್‌ಮಸ್ ಮೇಲು ಎಂಬ ತೀರ್ಪನ್ನು ಚಿತ್ರ ಎಲ್ಲೂ ಕೊಡುವುದಿಲ್ಲವೆಂಬುದನ್ನು ಗಮನಿಸಿ. ಹಬ್ಬವನ್ನು ದ್ವೇಷಿಸುವ ಒರಟನೊಬ್ಬ ಕೊನೆಗೆ ಮೆತ್ತಗಾಗುವ ಕ್ರಿಸ್‌ಮಸ್ ಕಥೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಇಲ್ಲಿ ನಾಯಕ ಹಬ್ಬವನ್ನು ಅತಿಯಾಗಿ ಪ್ರೀತಿಸಿಯೇ ಕೆಡಿಸುತ್ತಾನೆ. ಕೊನೆಯಲ್ಲಿ ಅವನು ತನ್ನ ಸ್ವಭಾವ ಬದಲಿಸಿಕೊಳ್ಳುವುದಿಲ್ಲ, ಮನೆಗೆ ಮರಳುತ್ತಾನೆ.

ನನ್ನ ಮಟ್ಟಿಗೆ, ಚಿತ್ರದಲ್ಲಿ ನಿಜವಾಗಿ ಕಣ್ಣು ತೆರೆದು ನೋಡುವವಳು ಸ್ಯಾಲಿ. ಹೊಲಿಗೆ ಹಾಕಿದ ಚಿಂದಿಯ ಮೈ, ಒಳಗೆ ಒಣ ಎಲೆ. ಅವಳು ಕಿತ್ತ ಹೂವಿನ ಗಿಡ ಕೈಯಲ್ಲೇ ಪುಟ್ಟ ಕ್ರಿಸ್‌ಮಸ್ ಮರವಾಗಿ, ಮರುಕ್ಷಣ ಹೊತ್ತಿ ಉರಿದುಹೋಗುವುದನ್ನು ಕಂಡು ಅವಳೊಬ್ಬಳೇ ಅಪಾಯವನ್ನು ಅರಿಯುತ್ತಾಳೆ. ಬಂಡಿ ಹೊರಡದಿರಲೆಂದು ಅವಳು ಕವಿಸಿದ ಮಂಜನ್ನು ಜೀರೋ ನಾಯಿಯ ಹೊಳೆಯುವ ಮೂಗು ಸೀಳಿಬಿಡುತ್ತದೆ. ಕೆಂಪು ಮೂಗಿನ ಹಿಮಸಾರಂಗದ ಕಥೆಯನ್ನು ಶಾಲೆಯಲ್ಲಿ ಕೇಳಿರುವ ನಿಮ್ಮ ಮಗಳು ಅಲ್ಲಿ ನಗುತ್ತಾಳೆ.

ಬೊಂಬೆಗಳ ಕೆಲಸದ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ನನ್ನ ವೃತ್ತಿ ಬಿಡುವುದಿಲ್ಲ. ಇದು ಸ್ಟಾಪ್ ಮೋಷನ್ ಚಿತ್ರ: ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಇನ್ನೊಂದು ತೆಗೆಯುವುದು. ತೆರೆಯ ಮೇಲೆ ಒಂದು ಸೆಕೆಂಡಿಗೆ ಓಡುವುದು 24 ಚೌಕಟ್ಟುಗಳು. 76 ನಿಮಿಷಕ್ಕೆ ಲೆಕ್ಕ ಹಾಕಿದರೆ 1,09,440. ಇಡೀ ತಂಡ ವಾರವೆಲ್ಲ ದುಡಿದರೆ ಕೈಗೆ ಬರುತ್ತಿದ್ದದ್ದು ಸುಮಾರು ಒಂದು ನಿಮಿಷದ ಚಿತ್ರ. ತಂತಿಗೊಂಬೆಯೊಂದನ್ನು ಮೇಜಿನ ಮೇಲೆ ಐದು ಸೆಕೆಂಡು ನಡೆಸಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬೆಳಿಗ್ಗೆ ಕೂತವರು ಸಂಜೆಗೆ ಏಳುತ್ತಾರೆ. ಎಂಬತ್ತನೆಯ ಚೌಕಟ್ಟಿನಲ್ಲಿ ಯಾರದ್ದಾದರೂ ಮೊಣಕೈ ಮೇಜಿಗೆ ತಗುಲಿದರೆ ಮೊದಲಿನಿಂದ. ಜ್ಯಾಕ್‌ನ ವಿಷಯದಲ್ಲಿ ಇನ್ನೊಂದು ಕಷ್ಟವಿತ್ತು. ಬೊಂಬೆಗೆ ಭಾವ ಬರಬೇಕಾದರೆ ಕಣ್ಣು ಬೇಕು ಎಂಬುದು ಈ ಕಸುಬಿನ ಮೊದಲ ಪಾಠ, ಇವನಿಗೋ ಕಣ್ಣುಗುಡ್ಡೆಯೇ ಇಲ್ಲ, ಇರುವುದು ಎರಡು ಕಪ್ಪು ಕುಳಿ. ಅದಕ್ಕಾಗಿ ಸುಮಾರು 400 ತಲೆಗಳನ್ನು ಮಾಡಿಟ್ಟುಕೊಂಡು, ಒಂದೊಂದು ಉಚ್ಚಾರಕ್ಕೂ ಒಂದೊಂದು ಭಾವಕ್ಕೂ ತಲೆಯನ್ನೇ ಬದಲಿಸಿದರು. ಸ್ಯಾಲಿಗೆ ಉದ್ದ ಕೂದಲು, ತಲೆ ಬದಲಿಸಿದರೆ ಕೂದಲು ಕದಲುತ್ತದೆ. ಆದ್ದರಿಂದ ಅವಳಿಗೆ ಮುಖದ ಮುಂಭಾಗವನ್ನಷ್ಟೇ ಮುಖವಾಡದಂತೆ ತೆಗೆದು ಹಾಕುತ್ತಿದ್ದರು. ಹುಣ್ಣಿಮೆಯ ಚಂದ್ರನ ಮುಂದೆ ಸುರುಳಿ ಸುತ್ತಿದ ಗುಡ್ಡದ ತುದಿಯಲ್ಲಿ ಜ್ಯಾಕ್ ಹಾಡುತ್ತಾ ನಡೆದಂತೆ ಆ ಸುರುಳಿ ಬಿಚ್ಚಿಕೊಂಡು ಅವನ ಕಾಲಿಗೆ ದಾರಿಯಾಗುವ ದೃಶ್ಯವನ್ನು ಒಮ್ಮೆ ನಿಲ್ಲಿಸಿ ನಿಲ್ಲಿಸಿ ನೋಡಿ. ದೃಶ್ಯ ಪರಿಣಾಮಗಳಿಗಾಗಿ ಇದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಪ್ರಶಸ್ತಿ ಅದೇ ವರ್ಷ ಕಂಪ್ಯೂಟರಿನಲ್ಲಿ ಡೈನೋಸಾರ್ ಕುಣಿಸಿದ ಚಿತ್ರದ ಪಾಲಾಯಿತು.

ಎರಡು ಹಬ್ಬಗಳ ಬಳಕೆ ಹೇಗೆ ಬಂತೆಂಬುದಕ್ಕೆ ಬಿಡುಗಡೆಯ ಚರಿತ್ರೆಯೂ ಒಂದು ಕಾರಣ. ಚಿತ್ರ ತೆರೆಕಂಡದ್ದು 1993ರ ಅಕ್ಟೋಬರಿನಲ್ಲಿ, ಹ್ಯಾಲೋವೀನಿಗೆ ಸರಿಯಾಗಿ. ಮಕ್ಕಳಿಗೆ ಇದು ತೀರ ಕತ್ತಲೆಯಾದೀತೆಂದು ಡಿಸ್ನಿ ಆಗ ತನ್ನ ಹೆಸರನ್ನು ಹಾಕದೆ, ಟಚ್‌ಸ್ಟೋನ್ ಎಂಬ ತನ್ನದೇ ಇನ್ನೊಂದು ಹೆಸರಿನಡಿ ಬಿಡುಗಡೆ ಮಾಡಿತು. ಹಣ ಬಂದರೂ ಅದು ಹೆಸರಾಂತ ರಾಜಕುಮಾರಿಯರ ಚಿತ್ರಗಳ ಮಟ್ಟಕ್ಕೆ ಬರಲಿಲ್ಲ. ಆಮೇಲೆ ಮನೆಮನೆಯ ವೀಡಿಯೋ ಕ್ಯಾಸೆಟ್ಟುಗಳಲ್ಲಿ, ಜ್ಯಾಕ್‌ನ ಮುಖವಿರುವ ಅಂಗಿ ಚೀಲಗಳಲ್ಲಿ ಅದರ ಅಭಿಮಾನ ಬೆಳೆಯಿತು. 2001ರಿಂದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತನ್ನ ದೆವ್ವದ ಬಂಗಲೆಗೆ ಪ್ರತಿವರ್ಷವೂ ಈ ಚಿತ್ರದ ಅಲಂಕಾರ ಮಾಡತೊಡಗಿತು, ಹ್ಯಾಲೋವೀನಿಗೆ ಮುಂಚೆ ಏರಿಸಿದ ಆ ಅಲಂಕಾರವನ್ನು ಕ್ರಿಸ್‌ಮಸ್ ಕಳೆದ ಮೇಲೆಯೇ ಇಳಿಸುವುದು. ವ್ಯಾಪಾರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಒಮ್ಮೆ ಹೆಸರು ಹಾಕಲು ಹಿಂಜರಿದ ಸಂಸ್ಥೆ 2006ರ ತ್ರೀ ಡಿ ಮರುಬಿಡುಗಡೆಯ ಹೊತ್ತಿಗೆ ತನ್ನದೇ ಹೆಸರಿನಲ್ಲಿ ಅದನ್ನು ತಂದಿತು. 2023ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದನ್ನು ಸೇರಿಸಲಾಯಿತು.

ಅತ್ತೆಯವರ ಆಕ್ಷೇಪಣೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಹಬ್ಬ ಮತ್ತು ಸತ್ತವರು ಅವರು ತಿಳಿದಷ್ಟು ದೂರದವರಲ್ಲ. ಹ್ಯಾಲೋವೀನ್ ಎಂಬುದು ಸಕಲ ಸಂತರ ದಿನದ ಹಿಂದಿನ ರಾತ್ರಿ. ನವೆಂಬರ್ 2 ಸಕಲ ಆತ್ಮಗಳ ದಿನ, ಅಂದು ನಮ್ಮ ಮಂಗಳೂರಿನ ಕಥೋಲಿಕ ಕುಟುಂಬಗಳೂ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತವೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಚಳಿಯಲ್ಲಿ ಬೆಂಕಿಯ ಸುತ್ತ ಕೂತು ದೆವ್ವದ ಕಥೆ ಹೇಳುವುದು ಹಳೆಯ ರೂಢಿ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಅತ್ಯಂತ ಹೆಸರಾದ ಕ್ರಿಸ್‌ಮಸ್ ಕಥೆಯಲ್ಲೂ ಜಿಪುಣ ಮುದುಕನನ್ನು ದಾರಿಗೆ ತರುವವು ದೆವ್ವಗಳೇ. ಅತ್ತೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ಮಹಾಲಯ ಅಮಾವಾಸ್ಯೆಯಂದು ಪಿತೃಗಳಿಗೆ ಎಡೆ ಇಟ್ಟ ಮರುದಿನವೇ ನವರಾತ್ರಿಯ ಪಾಡ್ಯ ಬರುವುದನ್ನು ನೆನಪಿಸಿ.

ಮಗುವಿನ ವಿಷಯ. ಅಮೆರಿಕದಲ್ಲಿ ಇದಕ್ಕೆ ಪಿಜಿ ಪ್ರಮಾಣಪತ್ರವಿದೆ, ಎಂದರೆ ಕೆಲವು ಭಾಗ ಮಕ್ಕಳಿಗೆ ಸಲ್ಲದಿರಬಹುದು, ಹೆತ್ತವರು ವಿವೇಚಿಸಿ ತೋರಿಸಲಿ ಎಂಬ ಸೂಚನೆ. ಏಳು ವರ್ಷಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ನಾಲ್ಕೈದು ವರ್ಷದವರಿಗೆ ನಾನು ಸೂಚಿಸುವುದಿಲ್ಲ. ಸ್ಯಾಲಿ ತನ್ನ ಕೈಕಾಲುಗಳನ್ನು ಬಿಚ್ಚಿ ಮತ್ತೆ ಹೊಲಿದುಕೊಳ್ಳುತ್ತಾಳೆ. ಗಾಲಿಕುರ್ಚಿಯ ವಿಜ್ಞಾನಿ ಬುರುಡೆಯ ಮುಚ್ಚಳ ತೆಗೆದು ಮೆದುಳು ಕೆರೆದುಕೊಳ್ಳುತ್ತಾನೆ. ಇವುಗಳಿಗೆ ಮಕ್ಕಳು ಹೆದರುವುದಕ್ಕಿಂತ ನಗುವುದೇ ಹೆಚ್ಚು. ನಿಜವಾಗಿ ಬೆಚ್ಚಿಬೀಳಿಸುವವನು ಊಗಿ ಬೂಗಿ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗುಮ್ಮ. ಕೊನೆಯ ಭಾಗದಲ್ಲಿ ಅವನ ಗೋಣಿಚೀಲದ ಮೈಯ ಹೊಲಿಗೆ ಕಿತ್ತು ಬಂದಾಗ ಒಳಗಿರುವುದು ಬರೀ ಹುಳಗಳ ರಾಶಿ. ಅವನು ಮೊದಲ ಸಲ ಹಾಡಲು ಬರುವ ಹೊತ್ತಿಗೆ, ಆ ಚೀಲದೊಳಗೆ ಏನಿರಬಹುದು ಹೇಳು ನೋಡೋಣ ಎಂದು ಮಗಳನ್ನು ಕೇಳಿಟ್ಟರೆ, ಕೊನೆಯಲ್ಲಿ ಭಯಕ್ಕಿಂತ ತನ್ನ ಊಹೆಯ ಫಲಿತಾಂಶವೇ ಅವಳಿಗೆ ಮುಖ್ಯವಾಗುತ್ತದೆ.

ಯಾವಾಗ ತೋರಿಸಬೇಕು ಎಂದರೆ, ಮೊದಲ ಸಲಕ್ಕೆ ನಾನು ಅಕ್ಟೋಬರ್ 31ರ ರಾತ್ರಿಯನ್ನೇ ಆರಿಸುತ್ತೇನೆ, ಅದೂ ಮಕ್ಕಳು ಮಿಠಾಯಿ ತುಂಬಿಕೊಂಡು ಮನೆಗೆ ಬಂದ ಮೇಲೆ. ಹಬ್ಬ ಮುಗಿದ ಆ ಸುಸ್ತಿನಲ್ಲೇ ಜ್ಯಾಕ್‌ನ ಕಥೆಯೂ ಶುರುವಾಗುವುದು. ಎರಡನೆಯ ಸಲ ಡಿಸೆಂಬರ್ 24ರ ಸಂಜೆಗೆ ಇಟ್ಟುಕೊಳ್ಳಿ, ಆಗ ಅವಳ ಕಣ್ಣು ಜ್ಯಾಕ್‌ನನ್ನು ಬಿಟ್ಟು ಉಳಿದವರ ಮೇಲೆ ಹೋಗುತ್ತದೆ. ಬಿಡುಗಡೆಯಾದ ಸಾಂಟಾ ಕೋಪವನ್ನೆಲ್ಲ ಬದಿಗಿಟ್ಟು ಹ್ಯಾಲೋವೀನ್ ಊರಿನ ಮೇಲೆ ಹಾರುತ್ತಾ ಹಿಮ ಸುರಿಸುವುದು ಕೊನೆಗೆ. ಕಪ್ಪು ಬೂದು ಗೀರುಗಳ ಮೇಲೆಲ್ಲ ಬಿಳಿ ಬಿದ್ದು, ಸಭೆಯಲ್ಲಿ ಕಾಲುಚೀಲದೊಳಗೆ ಕೊಳೆತ ಕಾಲನ್ನು ಹುಡುಕಿದ್ದ ಅದೇ ಜನ, ಯಾರೂ ಏನನ್ನೂ ವಿವರಿಸದೆ, ಹಿಮದಲ್ಲಿ ಆಡತೊಡಗುತ್ತಾರೆ. ಸಭೆಯ ದೃಶ್ಯ ಮೊದಲ ಅರ್ಧ ಗಂಟೆಯೊಳಗೇ ಬರುತ್ತದೆ, ಅತ್ತೆಯವರನ್ನು ಅಷ್ಟರೊಳಗೆ ಕರೆದು ಕೂರಿಸಿ.